ಸೀಸದೊಳಗಿನ ಬೆಳ್ಳಿ

ಕಿಟಕಿ ತೆರೆದರೆ ಸಾಕು, ನನ್ನ ಮೇಜಿನ ಕಾಗದಗಳಿಗೆ ರೆಕ್ಕೆ ಬರುತ್ತದೆ. ಅವುಗಳ ಮೇಲಿಡುವ ಬೂದುಬಣ್ಣದ ಕಲ್ಲಿನ ಚೂರು ಇವತ್ತು ಕಾಲಮೇಲೆ ಬಿತ್ತು. ನೆಲ್ಲಿಕಾಯಿಯಷ್ಟು ಗಾತ್ರ, ಆದರೆ ಏನು ಭಾರ ಅಂತೀರಿ! ಹೆಬ್ಬೆರಳು ಉಜ್ಜಿಕೊಳ್ಳುತ್ತಾ ಕೂತವನಿಗೆ ಅಜ್ಜೀಪುರದ ಸಿದ್ದಮ್ಮತ್ತೆ ನೆನಪಾದಳು.

ಅತ್ತೆಯ ಹೊಲದಂಚಿನಲ್ಲಿ ಹಳೆಯ ಗುಂಡಿಯೊಂದಿತ್ತು. ಬೆಳ್ಳಿ ಹುಡುಕಿಕೊಂಡು ಬಂದ ಇಂಗ್ಲೆಂಡಿನ ದೊರೆಯೊಬ್ಬ ತೋಡಿಸಿದ್ದು. ಆಗ ಮಣ್ಣು ಹೊತ್ತವರಲ್ಲಿ ಅತ್ತೆಯೂ ಒಬ್ಬಳು. ದೊರೆ ತಮಿಳು ಬೆರೆತ ಕನ್ನಡದಲ್ಲಿ ತನ್ನ ಹಳ್ಳಿಯ ಕಥೆ ಹೇಳುತ್ತಿದ್ದನಂತೆ. ಅಲ್ಲಿಯ ಗುಡ್ಡದಲ್ಲಿ ಸೀಸದ ಕಲ್ಲು, ಸೀಸದೊಳಗೆ ಬೆಳ್ಳಿ. ತಲೆಮಾರುಗಟ್ಟಲೆ ಅಗೆದರು. ಆಳಕ್ಕಿಳಿದಂತೆ ನೀರು ನುಗ್ಗಿತು, ಗಣಿ ಮುಚ್ಚಿತು, ಜನ ಗಂಟುಮೂಟೆ ಕಟ್ಟಿದರು. ಹೊಟ್ಟೆಪಾಡು ಅವನನ್ನು ನಮ್ಮ ಸೀಮೆಗೆ ತಂದಿತ್ತು. ಇಲ್ಲೂ ಗಿಟ್ಟಲಿಲ್ಲ. ಹೊರಡುವಾಗ ಆ ಗುಂಡಿಯಲ್ಲೇ ಸಿಕ್ಕ ಒಂದು ಕಲ್ಲನ್ನು ಅತ್ತೆಯ ಕೈಗಿತ್ತು, ಇದರೊಳಗೂ ಬೆಳ್ಳಿಯಿದೆ ಎಂದನಂತೆ.

ಅತ್ತೆ ಅದನ್ನು ನಂಬಿಬಿಟ್ಟಳು. ಮುಂದೊಮ್ಮೆ ಗೋಡೆಗೆ ಸುಣ್ಣ ಬಳಿಯುವಾಗ ಮಾವನ ಕಣ್ಣಿಗೆ ಸುಣ್ಣ ಸಿಡಿಯಿತು. ಗಾಬರಿಯಲ್ಲಿ ಅತ್ತೆ ಮಾದಪ್ಪನ ಬೆಟ್ಟದ ಕಡೆ ಕೈಮುಗಿದು, ಕಣ್ಣು ಉಳಿದರೆ ನಮ್ಮ ನೆಲದ ಬೆಳ್ಳಿಯಲ್ಲೇ ಕಣ್ಣು ಮಾಡಿಸಿ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು. ಕಣ್ಣೇನೋ ಉಳಿಯಿತು. ಬೆಳ್ಳಿ?

ಕೊಳ್ಳೇಗಾಲದ ಆಚಾರಿಯ ಅಂಗಡಿಗೆ ಅವಳ ಜೊತೆ ನಾನೂ ಹೋಗಿದ್ದೆ. ಓದಿಕೊಂಡವನೆಂಬ ಜಂಬ ಬೇರೆ. ಆಚಾರಿ ಕಲ್ಲು ಕುಟ್ಟಿ, ಇದ್ದಿಲಿನ ಮೇಲಿಟ್ಟು ತಿದಿ ಒತ್ತಿದ. ಸೀಸ ಕರಗಿ ಬಂತು. ಅದನ್ನು ಬೂದಿಯ ಬಟ್ಟಲಲ್ಲಿ ಮತ್ತೆ ಕಾಯಿಸಿದ. ಸೀಸವನ್ನೆಲ್ಲ ಬೂದಿ ಕುಡಿದುಬಿಟ್ಟಿತು. ತಳದಲ್ಲಿ ಉಳಿದದ್ದು ಸಾಸಿವೆ ಕಾಳಿನಷ್ಟು ಬಿಳಿ ಮಣಿ. ದೊರೆ ಸುಳ್ಳು ಹೇಳಿರಲಿಲ್ಲ!

"ಇಷ್ಟ್ರಲ್ಲಿ ಕಣ್ಣು ಆಗಾಕಿಲ್ಲ ಕಣವ್ವ. ನಮ್ಮ ಬೆಳ್ಳಿ ಸೇರ್ಸಿ ಮಾಡ್ಲಾ?" ಎಂದ ಆಚಾರಿ.

"ಮಾದಪ್ಪಂಗೆ ಸುಳ್ಳೇಳನಾ?" ಎಂದಳು ಅತ್ತೆ. ಹರಕೆ ತಪ್ಪಿದರೆ ಗಂಡನ ಕಣ್ಣು ಹೋದೀತೆಂಬ ಭಯ ಅವಳ ಮುಖದಲ್ಲೇ ಇತ್ತು. ಆ ಮಣಿಯನ್ನು ಅಂಗೈಗೆ ಹಾಕಿಸಿಕೊಂಡು ಬೆಳಕಿಗೆ ಹಿಡಿದಳು. ಆಮೇಲೆ ಕೇಳಿದಳು: "ಆಚಾರಪ್ಪ, ಕಣ್ಣಲ್ಲಿ ನೋಡದು ಯಾವ್ದು?"

"ಪಾಪೆ ಕಣವ್ವ."

"ಅಂಗಾರೆ ಪಾಪೆಗೆ ಇದ್ನೇ ಕೂರ್ಸು. ಸುತ್ತ ನಿನ್ನ ಬೆಳ್ಳಿ ಇರ್ಲಿ."

ಬೆಟ್ಟದಲ್ಲಿ ಹುಂಡಿಗೆ ಹಾಕುವ ಮುನ್ನ ಆ ಕಣ್ಣನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನೋಡದು ಮಾತ್ರ ನಮ್ಮ ನೆಲದ್ದು ಕಣಪ್ಪ. ಮಿಕ್ಕಿದ್ದು ಕೊಳ್ಳೇಗಾಲದ್ದು. ಆಮೇಕೆ ಕೇಳ್ಬ್ಯಾಡ." ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಅಂದು ಆಚಾರಿ ಕಲ್ಲು ಕುಟ್ಟುವಾಗ ಸಿಡಿದು ನನ್ನ ಜೇಬು ಸೇರಿದ ಚೂರು ಇದು. ಎಲ್ಲೋ ಒಂದು ಹಳ್ಳಿ ಬರಿದಾಯಿತು, ಇಲ್ಲಿ ಒಬ್ಬಳ ಮಾತು ಉಳಿಯಿತು. ಚೂರನ್ನು ಜೋಪಾನವಾಗಿ ಎತ್ತಿಟ್ಟು, ಕಾಗದ ಹಾರದಿರಲೆಂದು ಅಂಗಳದಿಂದ ಬೇರೊಂದು ಕಲ್ಲು ತಂದಿಟ್ಟೆ.