ನನ್ನ ಪಾದದ ಸೈಜು

ಹೊಸ ರಬ್ಬರಿನ ವಾಸನೆ ಬಂದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊನ್ನೆ ಕೋಲಾರದ ಚಪ್ಪಲಿ ಅಂಗಡಿಯೊಂದರಲ್ಲಿ ಹಾಗೇ ಆಯಿತು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುವ ನೋವು ನನ್ನನ್ನು ಅಲ್ಲಿಗೆ ಕಳಿಸಿತ್ತು. ವಾಕಿಂಗ್ ಬಿಡಬೇಡಿ, ಆದರೆ ಈ ತೆಳು ಚಪ್ಪಲಿ ಬಿಟ್ಟು ಪಾದಕ್ಕೆ ಆಸರೆ ಕೊಡುವ ಸ್ಪೋರ್ಟ್ಸ್ ಶೂ ಹಾಕಿಕೊಳ್ಳಿ ಎಂದಿದ್ದರು ಡಾಕ್ಟರು. ಅಂಗಡಿಯ ಹುಡುಗಿ ಸೈಜು ಕೇಳಿದಳು. "ಆರು" ಎಂದೆ. ನನ್ನದು ಎಂಟು. ಶಾಲೆಯಲ್ಲಿ ಗಣಿತ ಕಲಿಸುವ ಹೆಂಗಸು ನಾನು. ಅಂಕಿಯ ವಿಷಯದಲ್ಲಿ ಸುಳ್ಳು ಹೇಳುವುದು ಇದೊಂದಕ್ಕೇ.

ನಗಬೇಡಿ, ಇದಕ್ಕೆ ಇತಿಹಾಸವಿದೆ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಹಬ್ಬದ ದಿನ ಅಜ್ಜಿ ಹೆಣ್ಣುಮಕ್ಕಳ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದಳು. ನನ್ನ ಸರದಿ ಬಂದಾಗ ಬಟ್ಟಲು ನೋಡಿ, "ಇವಳೊಬ್ಬಳಿಗೇ ಇನ್ನೊಂದು ಕೊಂಬು ತೇಯ್ಬೇಕು ಕಣೇ" ಎನ್ನುತ್ತಿದ್ದಳು. ಪ್ರೀತಿಯ ಮಾತೇ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ನಗುತ್ತಲೇ ಕಾಲನ್ನು ಲಂಗದೊಳಗೆ ಎಳೆದುಕೊಳ್ಳುತ್ತಿದ್ದೆ.

ಅದೇ ಕಾಲು ಮೈದಾನದಲ್ಲಿ ಮಾತ್ರ ಚೆನ್ನಾಗಿ ಓಡುತ್ತಿತ್ತು. ಹೈಸ್ಕೂಲಿನ ಖೋಖೋ ತಂಡದಲ್ಲಿದ್ದೆ. ಬರಿಗಾಲಲ್ಲೇ ಆಡುತ್ತಿದ್ದ ನಮಗೆ ಊರಿನ ಯಾರೋ ಪುಣ್ಯಾತ್ಮರು ಶೂ ಕೊಡಿಸಲು ಮುಂದಾದರು. ಆಟ ಕಲಿಸುತ್ತಿದ್ದ ರತ್ನಮ್ಮ ಮೇಡಂ ತರಗತಿಗೇ ಬಂದು, ಹುಡುಗರೆಲ್ಲ ಕೂತಿರುವಾಗಲೇ ಒಬ್ಬೊಬ್ಬರ ಸೈಜು ಕೇಳಿದರು. ಪಕ್ಕದಲ್ಲಿದ್ದ ಗೆಳತಿ ಸರಿತಾ ನಾಲ್ಕು ಎಂದಳು. ಏಳು ಎನ್ನಬೇಕಾದ ನಾನು ಐದು ಎಂದುಬಿಟ್ಟೆ.

ಬೆಳ್ಳಗಿನ ಶೂಗಳು ಬಂದವು. ಬೆರಳು ಮಡಚಿಕೊಂಡರೆ ಪಾದ ಹೇಗೋ ಒಳಗೆ ಹೋಗುತ್ತಿತ್ತು. ಸರಿಯಾಗಿದೆಯಾ ಎಂದು ಮೇಡಂ ಕೇಳಿದಾಗ ತಲೆಯಾಡಿಸಿದೆ. ಶ್ರೀನಿವಾಸಪುರದಲ್ಲಿ ಪಂದ್ಯ. ಕಂಬ ಹಿಡಿದು ತಿರುಗುವಾಗ, ನೆಲ ಹಿಡಿಯಲು ಬೆರಳಿಗೆ ಜಾಗವಿಲ್ಲದ ಪಾದ ಹೊರಕ್ಕೆ ಹೊರಳಿತು. ಬಿದ್ದಲ್ಲಿಂದ ಏಳಲಾಗಲಿಲ್ಲ. ಮೇಡಂ ಓಡಿಬಂದು ಶೂ ಬಿಚ್ಚಿದರು. ಊದಿದ ಕೀಲು, ಕಪ್ಪುಗಟ್ಟಿದ ಉಗುರು. ಸುತ್ತ ಎರಡೂ ಊರಿನ ಮಕ್ಕಳು ಬಗ್ಗಿ ನೋಡುತ್ತಿದ್ದರು. ನೋವು ತಡೆಯಬಹುದಿತ್ತು, ಆ ನೋಟ ತಡೆಯಲಾಗಲಿಲ್ಲ.

ಮೇಡಂ ಬೈಯಲಿಲ್ಲ. ನನ್ನ ಪಾದವನ್ನೂ ಶೂವನ್ನೂ ಪಕ್ಕಪಕ್ಕ ಹಿಡಿದು ನೋಡಿದರು, ಅಷ್ಟೇ. ನಾವು ಸೋತೆವು. ಬಸ್ಸಿನಲ್ಲಿ ಸರಿತಾ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಸುತ್ತಿದಳು. ನಾನು ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

"ನಂಗೆ ಮೊದ್ಲೇ ಗೊತ್ತಿತ್ತು ಕಣೇ," ಎಂದಳು. "ಹೇಳಿದ್ರೆ ನೀನು ಆಡೋದೇ ಬಿಟ್ಬಿಡ್ತೀಯಾ ಅಂತ ಸುಮ್ನಿದ್ದೆ."

ಅವಳು ಹೇಳಿದ್ದು ನಿಜವೇ ಆಯಿತು. ಊತ ಇಳಿಯಿತು, ಕಾಲು ಸರಿಹೋಯಿತು, ನಾನು ಮಾತ್ರ ಮೈದಾನದ ಕಡೆ ಹೋಗಲಿಲ್ಲ. ಮೇಡಂ ಹೇಳಿಕಳಿಸಿದಾಗಲೆಲ್ಲ ಓದುವುದಿದೆ ಎಂದೆ. ಸರಿತಾಳನ್ನು ಕಂಡರೂ ನಾಚಿಕೆ. ನನ್ನ ಗುಟ್ಟು ತಿಳಿದೂ ಕಾಪಾಡಿದವಳ ಮುಖ ನೋಡುವುದು ಎಷ್ಟು ಕಷ್ಟ, ನಿಮಗೂ ಗೊತ್ತಿರಬಹುದು. ಗೆಳೆತನ ಹಾಗೇ ತೆಳ್ಳಗಾಗಿ ಹೋಯಿತು. ಕಾಲು ಉಳುಕಿದ್ದಕ್ಕಿಂತ ಇದೇ ದೊಡ್ಡ ಪೆಟ್ಟು ಎಂದು ಬಹಳ ತಡವಾಗಿ ತಿಳಿಯಿತು.

ಅಂಗಡಿಯ ಹುಡುಗಿ ಆರರ ಜೋಡಿ ತಂದಳು. ಹಾಕಿಕೊಂಡೆ, ಬೆರಳುಗಳು ಹಳೆಯ ಅಭ್ಯಾಸದಂತೆ ಮಡಚಿಕೊಂಡವು. ಹಿಮ್ಮಡಿ ಹೊರಗೇ ಉಳಿಯಿತು. ಅವಳು ನನ್ನ ಮುಖ ನೋಡಿದಳು.

"ಎಂಟು ಕೊಡಮ್ಮ," ಎಂದೆ. "ಹೆಂಗಸರದ್ದರಲ್ಲಿ ಇಲ್ದಿದ್ರೆ ಗಂಡಸರದ್ದೇ ಕೊಡು."

ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಪಕ್ಕದ ಬೆಂಚಿನಲ್ಲಿದ್ದವರು ತಿರುಗಿ ನೋಡಿದರು. ನಾಚಿಕೆ ಎಲ್ಲೂ ಹೋಗಿರಲಿಲ್ಲ, ಮುಖಕ್ಕೆಲ್ಲ ಹರಡಿತ್ತು. ಹುಡುಗಿ ಗಂಡಸರ ಕಡೆಯ ಗೂಡಿನಿಂದ ಬೂದುಬಣ್ಣದ ಜೋಡಿಯೊಂದನ್ನು ತಂದಳು. ಹಿಮ್ಮಡಿಯ ಕಡೆ ಗಟ್ಟಿ, ಬೆರಳ ಕಡೆ ಅಗಲ. ಲೇಸು ಕಟ್ಟಿ ಎದ್ದು ನಿಂತೆ. ಸೀರೆಯ ಕೆಳಗೆ ಎರಡು ದೋಣಿ ನಿಲ್ಲಿಸಿದ ಹಾಗಿತ್ತು. ಅವುಗಳಲ್ಲೇ ಅಂಗಡಿಯ ಆ ತುದಿಯವರೆಗೆ, ಎಲ್ಲರ ಮುಂದೆ, ನಡೆದುಹೋಗಿ ಬಂದೆ.