ಕ್ಯಾಟಲಾಗಿನಲ್ಲಿ ಇಲ್ಲದ ಊರು

ದೇವನಹಳ್ಳಿಯ ಕಾಲೇಜಿಗೆ ಗ್ರಂಥಪಾಲಕಿಯಾಗಿ ಬಂದ ದಿನ, ಲೈಬ್ರರಿಯ ಕಂಪ್ಯೂಟರಿನಲ್ಲಿ ಕ್ಯಾಟಲಾಗ್ ತೆರೆದು ‘ನಮ್ಮ’ ಎಂದು ಒತ್ತಿದೆನಷ್ಟೆ. ಉಳಿದದ್ದನ್ನು ಅದೇ ಬರೆಯಿತು: ‘ನಮ್ಮ ಊರು ಯಾಕೆ ಇಲ್ಲ?’ ಕೀಲಿಮಣೆಯಿಂದ ಕೈ ತೆಗೆದುಬಿಟ್ಟೆ. ಬಾಗಲಕೋಟೆ ಕಡೆಯ ನನ್ನ ಊರು ಹಿನ್ನೀರಿನಲ್ಲಿ ಮುಳುಗಿದ್ದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಹಿಂದೆ ಯಾರೋ ಹುಡುಕಿದ್ದನ್ನು ಯಂತ್ರ ನೆನಪಿಟ್ಟು ಮುಂದಿಡುತ್ತದೆ ಎಂದು ಆಮೇಲೆ ಹೊಳೆಯಿತು. ಹೊಳೆದರೂ ಹೆದರಿಕೆ ಪೂರ್ತಿ ಹೋಗಲಿಲ್ಲ.

ನಮ್ಮ ಕಡೆ ಹುಡುಗರು “ಅಕ್ಕಾರ, ಆ ಪುಸ್ತಕ ಕೊಡ್ರಿ” ಎಂದು ಗದ್ದಲ ಹಾಕುತ್ತಿದ್ದರು. ಇಲ್ಲಿನವರು ನನ್ನನ್ನೂ ನೋಡುವುದಿಲ್ಲ, ಕಪಾಟನ್ನೂ ನೋಡುವುದಿಲ್ಲ. ಫೋನಿಗೆ ಕೇಳುವಂತೆ ಕ್ಯಾಟಲಾಗಿಗೆ ಇಡೀ ಪ್ರಶ್ನೆ ಹಾಕುತ್ತಾರೆ. ಪಾಪ, ಅದಕ್ಕೆ ಗೊತ್ತಿರುವುದು ಪುಸ್ತಕದ ಹೆಸರು, ಲೇಖಕ, ವಿಷಯ ಅಷ್ಟೇ. ‘ಫಲಿತಾಂಶವಿಲ್ಲ’ ಎನ್ನುತ್ತದೆ. ಅವರು ಸದ್ದಿಲ್ಲದೆ ಎದ್ದು ಹೋಗುತ್ತಾರೆ. ವಿಮಾನ ಹಾದಾಗ ಕಿಟಕಿಯ ಗಾಜು ಅದುರುತ್ತದೆ, ಮತ್ತೆ ಮೌನ. ರೂಮಿನಲ್ಲೂ ಅದೇ ಕತೆ. ರೊಟ್ಟಿ ಬಡಿದರೆ ಕೆಳಮನೆಯವರು “ಏನಮ್ಮಾ ಅದು ಸದ್ದು” ಎನ್ನುತ್ತಾರೆಂದು ಮುದ್ದೆ ತಿರುವಲು ಕಲಿತೆ.

ಆ ಪ್ರಶ್ನೆ ಹಾಕಿದವಳು ಕೊನೆಗೂ ಸಿಕ್ಕಳು. ಚೈತ್ರ, ಬಿ.ಎ. ಕೊನೆಯ ವರ್ಷ. ತನ್ನ ಊರಿನ ಬಗ್ಗೆ ಪ್ರಾಜೆಕ್ಟ್ ಬರೆಯದಿದ್ದರೆ ಫೇಲು.

“ಬಿಟ್ಬಿಡ್ತೀನಿ ಮೇಡಂ. ಫೋನಿನ ಮ್ಯಾಪಲ್ಲಿ ಲೇಔಟ್ ಹೆಸ್ರು ಬರುತ್ತೆ, ಊರಿನ ಹೆಸ್ರು ಬರಲ್ಲ. ಇಲ್ಲೂ ಇಲ್ಲ ಅಂತು.”

“ನೀ ಇರೂದು ಎಲ್ಲಿ ಯವ್ವಾ?”

“ಅಲ್ಲೇ. ಆದ್ರೆ ಇಲ್ಲ ಅಂತಿದೆಯಲ್ಲ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಬೆಳಿಗ್ಗೆ ತಾನೇ ದಾಟಿ ಬಂದ ಹೊಸ್ತಿಲಿಗಿಂತ ಪರದೆಯನ್ನು ನಂಬಿದ್ದಳು. ಅವಳ ಮುಖ ನೋಡಿ ನನಗೆ ನಿಜಕ್ಕೂ ಭಯವಾಯಿತು.

ಪ್ರಶ್ನೆ ಅಳಿಸಿ, ತಾಲ್ಲೂಕಿನ ಹೆಸರು, ಪಕ್ಕದಲ್ಲಿ ‘ಶಾಸನ’ ಎಂದು ಬರೆಸಿದೆ. ಒಂದು ಹಳೆಯ ಪುಸ್ತಕ ಬಂತು. ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಒಳಗೆ ಅವಳ ಊರಿನ ಹೆಸರು, ಕೆರೆ ಏರಿಯ ಕಲ್ಲಿನ ಚಿತ್ರ.

“ಅಯ್ಯೋ, ಇದ್ರ ಮೇಲೇ ಬಟ್ಟೆ ಒಗೀತೀವಿ ಮೇಡಂ.”

ಪುಸ್ತಕವನ್ನು ಎದೆಗವಚಿಕೊಂಡು, “ನಿಮ್ಮೂರ್ಯಾವ್ದು? ನಾನ್ ಹುಡುಕ್ತೀನಿ” ಎಂದಳು. ಹೇಳಿದೆ. ಕಲಿತದ್ದನ್ನು ಅಚ್ಚುಕಟ್ಟಾಗಿ ಮಾಡಿದಳು. ನನ್ನೂರ ಗುಡಿಯ ಬಗ್ಗೆ ಒಂದು ಪುಸ್ತಕ ಬಂತು. ಎದುರಿಗೆ ‘ಲಭ್ಯ’ ಎಂದಿತ್ತು.

“ನಿಮ್ಮೂರೂ ಇದೆ ಮೇಡಂ. ದಸರಾ ರಜಕ್ಕೆ ಹೋಗ್ತೀರಾ?”

ಊರು ನೀರಲ್ಲಿ ಮುಳುಗಿದ ವಿಷಯ ಹೇಳಲು ಬಾಯಿ ತೆರೆದೆ. ಆದರೆ ಆ ಪರದೆಯನ್ನು ಆ ಹೊತ್ತು ನಾನೂ ನಂಬಿಬಿಟ್ಟಿದ್ದೆ.

“ಹೋಗ್ತೀನಿ ಕಣಮ್ಮ” ಎಂದೆ, ಥೇಟ್ ಇಲ್ಲಿಯವರ ಹಾಗೆ.