ಹಿಂದಿನ ಸೀಟಿನ ಹಾವು

ಕಾರಿನ ಹಿಂದಿನ ಸೀಟಿನ ಪಕ್ಕದ ಜಾಲರಿಗೆ ಕೈ ಹಾಕಿದ್ದೆ ಅಷ್ಟೇ. ಮಾಲೀಕನ ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದು ಕೂಗಿಕೊಂಡರು: "ತೆಗೀಬ್ಯಾಡಪ್ಪ, ಒಳಗೆ ಹಾವೈತೆ!"

ಕೈ ಹಿಂದಕ್ಕೆಳೆದುಕೊಂಡೆ. ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಗೌರಸಮುದ್ರದ ಆ ಹೈಬ್ರಿಡ್ ಕಾರು ಚಳ್ಳಕೆರೆಯ ನನ್ನ ಗ್ಯಾರೇಜಿಗೆ ಬಂದದ್ದು ಅದು ಮೂರನೇ ಸಲ. ಬ್ಯಾಟರಿ ವಿಪರೀತ ಬಿಸಿಯಾಗಿದೆ ಎಂದು ಪರದೆಯಲ್ಲಿ ಬರುತ್ತಿತ್ತು. ಸೆನ್ಸರ್ ಕೆಟ್ಟು ಸುಳ್ಳು ತೋರಿಸುತ್ತಿದೆ ಎಂದುಕೊಂಡು ಎರಡು ಸಲವೂ ಸೆನ್ಸರನ್ನೇ ಬದಲಿಸಿ ಕಳಿಸಿದ್ದೆ.

ಜಾಲರಿ ಬಿಚ್ಚಿ, ದೂರ ನಿಂತು ಇಕ್ಕಳದಿಂದ ಎಳೆದೆ. ಬಂದದ್ದು ಹಾವಲ್ಲ, ಮೊಳದುದ್ದದ ಕರಿ ಕಂಬಳಿ ತುಂಡು. ಸೀಟಿನ ಹಿಂದಿರುವ ಬ್ಯಾಟರಿಯನ್ನು ತಂಪು ಮಾಡುವ ಫ್ಯಾನು ಗಾಳಿ ಎಳೆಯುವ ದಾರಿಯೇ ಆ ಜಾಲರಿ! ಒಳಗೆ ಬ್ಯಾಟರಿ ಒಲೆಯ ಹಾಗೆ ಕಾದಿತ್ತು.

"ಒಳಗೆ ಬುಸ್ ಅಂತಿತ್ತು ಕಣಪ್ಪ. ಮೊಮ್ಮಗಳ ಕಡೆ ಬರಬಾರ್ದು ಅಂತ ಕಂಬಳಿ ಹರಿದು ಜಾಲರಿ ಸಂದಿಗೆ ತುರುಕಿ, ನಾನೇ ಅಡ್ಡ ಕೂರ್ತಿದ್ದೆ," ಎಂದರು. ಮಗ ನಗುತ್ತಾನೆಂದು ಯಾರಿಗೂ ಹೇಳಿರಲಿಲ್ಲವಂತೆ. ಬುಸ್ ಎನ್ನುತ್ತಿದ್ದದ್ದು ಆ ಫ್ಯಾನೇ.

ಸೆನ್ಸರ್ ಮೂರು ಸಲವೂ ನಿಜವನ್ನೇ ಹೇಳಿತ್ತು. ಕಾದ ಬ್ಯಾಟರಿಗೆ ಬೆನ್ನು ಕೊಟ್ಟು ಆ ಅವ್ವ ಅಷ್ಟು ದಿನ ಕೂತಿದ್ದರು. ಮೂರು ಸಲವೂ ಅವರು ಅದೇ ಸೀಟಿನಲ್ಲಿದ್ದರು; ನಾನು ಒಂದು ಮಾತೂ ಕೇಳಿರಲಿಲ್ಲ.